ಪಡಸಾಲೆಯ ಲೇತು, ಸಿರಿಗೇರಿಯ ಕಾರು

ಬಳ್ಳಾರಿಯಲ್ಲಿ ಯಾರ ಮನೆಗಾದರೂ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ನಮ್ಮ ಸೋದರಮಾವನ ಮನೆಗೆ ಮಾತ್ರ ಚಪ್ಪಲಿ ಹಾಕಿಕೊಂಡೇ ಹೋಗಬೇಕು! ಬರಿಗಾಲಲ್ಲಿ ಹೋದ ನಮ್ಮ ಬೀಗರೊಬ್ಬರು ಕುಂಟುತ್ತಾ ಹೊರಗೆ ಬಂದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಪಡಸಾಲೆಯ ತುಂಬ ಕಬ್ಬಿಣ, ಹಿತ್ತಾಳೆಯ ಸುರುಳಿ ಚೂರುಗಳು. ಯಾಕೆಂದರೆ ಸೋಫಾ ಇರಬೇಕಾದ ಜಾಗದಲ್ಲಿ ಲೋಹ ಕಡೆಯುವ ಲೇತ್ ಮಷೀನು ಕೂತಿದೆ. ಸೋಫಾ, ಪಾಪ, ಅಂಗಳದಲ್ಲಿ ಬಳ್ಳಾರಿಯ ಬಿಸಿಲು ತಿನ್ನುತ್ತಿದೆ.

ಈ ಮನುಷ್ಯನಿಗೇನು ಹುಚ್ಚೇ ಎಂದು ನೀವು ಕೇಳಬಹುದು. ನಾವೂ ಕೇಳಿದ್ದೇವೆ, ಅವರ ಮುಖಕ್ಕೇ!

ಮಾವನ ಹೆಂಡತಿ, ಅಂದರೆ ನಮ್ಮ ಅತ್ತೆಯ ತವರು ಸಿರಿಗೇರಿ. ಪ್ರತಿ ನಾಗರ ಪಂಚಮಿಗೂ ಅವರ ಅಣ್ಣ ಸ್ವಂತ ಅಂಬಾಸಿಡರ್ ಕಾರಿನಲ್ಲಿ ಬಂದು, ತಂಗಿಯನ್ನು ಹಬ್ಬಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಅವರು ತೀರಿಕೊಂಡ ಮೇಲೆ ಅತ್ತೆ ಒಂದು ಪಂಚಮಿಗೂ ತವರಿಗೆ ಹೋಗಿಲ್ಲ. ಅಣ್ಣನ ಹೆಂಡತಿ ಫೋನ್ ಮಾಡಿ ಬಾ ಎನ್ನುತ್ತಾರೆ. ಬಸ್ಸಿದೆ, ಹೋಗಬಾರದೇ ಎಂದು ನಾನೊಮ್ಮೆ ಬಾಯಿ ಹಾಕಿದೆ.

"ಫೋನಿನ್ಯಾಗ ಕರದ್ರ ಕರದಂಗೇನಪಾ? ಬಾಗಲಿಗೆ ಬಂದು ಕರ್ಯೋರಿರಬೇಕು. ನನಗೀಗ ಯಾರದಾರ?" ಎಂದರು ಅತ್ತೆ. ಪಂಚಮಿಯ ದಿನ ಓಣಿಯಲ್ಲಿ ಯಾವ ಕಾರಿನ ಸದ್ದಾದರೂ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನೋಡುತ್ತಿದ್ದರು. ಅದನ್ನು ನೋಡುವುದು ನನಗಂತೂ ಆಗುತ್ತಿರಲಿಲ್ಲ.

ಇಂಥದ್ದೊಂದು ಪಂಚಮಿ ಕಳೆದ ಮರುವಾರ ಮಾವ ಸಿರಿಗೇರಿಗೆ ಹೋದರು. ಹಿತ್ತಲಲ್ಲಿ ತುಕ್ಕು ಹಿಡಿದು ನಿಂತಿದ್ದ ಆ ಅಂಬಾಸಿಡರನ್ನು ಕೇಳಿ ಪಡೆದು, ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದರು. ಈ ಮಹಾಶಯರು ಮೂವತ್ತು ವರ್ಷ ಹಿಂದಿ ಪಾಠ ಮಾಡಿದವರು, ಸ್ಪ್ಯಾನರು ಹಿಡಿದವರೇ ಅಲ್ಲ!

"ಇದರ ಸಾಮಾನು ಎಲ್ಲೂ ಸಿಗಂಗಿಲ್ಲ ಮಾಮಾ," ಎಂದೆ.

"ಸಿಗಲಿಲ್ಲಂದ್ರ ಮಾಡ್ಕೊಂತೀನಿ ಬಿಡಲೇ!"

ಸಿರುಗುಪ್ಪದಲ್ಲಿ ಮುಚ್ಚಿದ ರೈಸ್ ಮಿಲ್ಲೊಂದರಿಂದ ಲೇತು ಬಂತು. ಎಂಟು ಜನ ಹೊತ್ತರು, ಬಾಗಿಲ ಚೌಕಟ್ಟು ಕೀಳಿಸಿದರು. ಅದು ತಿರುಗಲು ಶುರುವಾದರೆ ಪಕ್ಕದ ಮನೆಯ ಟಿವಿಯಲ್ಲಿ ಧಾರಾವಾಹಿಯ ಅತ್ತೆ ಸೊಸೆಯರಿಬ್ಬರೂ ಒಟ್ಟಿಗೆ ನಡುಗುತ್ತಿದ್ದರು.

ಕಾರಿನ ಎಂಜಿನ್ನು ಹೇಗೋ ಶುರುವಾಯಿತು, ಗೇರು ಮಾತ್ರ ಬೀಳುತ್ತಿರಲಿಲ್ಲ. ಗೇರಿನ ಕಡ್ಡಿ ಕೂರುವ ಹಿತ್ತಾಳೆಯ ಬಳೆ, ಅದಕ್ಕೆ ಬುಷ್ಷು ಎನ್ನುತ್ತಾರೆ, ಸವೆದಿತ್ತು. ಮಾವ ಹೊಸದು ಕಡೆದರು. ಒಂದು ನೂಲು ದಪ್ಪವಾಯಿತು. ಮತ್ತೆ ಲೇತಿಗೆ ಹಚ್ಚಿದರು, ಒಂದು ನೂಲು ಸಣ್ಣದಾಯಿತು. ಹೀಗೇ ಕೆಟ್ಟ ಬುಷ್ಷುಗಳೆಲ್ಲ ಹಾಳಾಗಬಾರದಲ್ಲ? ಅತ್ತೆ ಅವನ್ನು ಹಪ್ಪಳ ಒಣಹಾಕಿದ ಸೀರೆಯ ಮೂಲೆಯಲ್ಲಿ ಭಾರಕ್ಕೆ ಇಡುತ್ತಿದ್ದರು.

"ಕಾರಿಗಂತ ಮಾಡಿದ್ದೆಲ್ಲಾ ನನ್ನ ಅಡಿಗಿಮನಿಗೆ ಬಂತು. ಇನ್ನೊಂದು ವರ್ಷ ಬಿಟ್ರ ಕಾರೂ ಬರ್ತೈತಿ!" ಎನ್ನುತ್ತಿದ್ದರು.

ಅಂತೂ ಒಂದು ದಿನ ಬುಷ್ಷು ಕೂತಿತು. ಕುರುಗೋಡಿನ ತನಕ ಟ್ರಯಲ್, ಬಲಿಪಶು ನಾನು! ಹೋಗುವಾಗ ರಾಜಗಾಂಭೀರ್ಯ. ಕುರುಗೋಡಿನ ಬಸ್ ಸ್ಟ್ಯಾಂಡಿನ ಹತ್ತಿರ ಗೇರು ಕೈಗೆ ಬಂತು. ಬೇರೆಯವರಾಗಿದ್ದರೆ ಮೆಕ್ಯಾನಿಕ್ಕನ್ನು ಹುಡುಕುತ್ತಿದ್ದರು. ನಮ್ಮ ಮಾವ ಬುಷ್ಷನ್ನು ಬಿಚ್ಚಿ, ಟವೆಲಿನಲ್ಲಿ ಸುತ್ತಿಕೊಂಡು, ಬಸ್ಸು ಹತ್ತಿ ಬಳ್ಳಾರಿಗೆ ಹೋದರು, ಲೇತಿಗೆ ಹಚ್ಚಲು! ನಾನು ಕಾರು ಕಾಯುತ್ತಾ ಎರಡು ಸಲ ಮಿರ್ಚಿ ಮಂಡಕ್ಕಿ ತಿಂದೆ. ಸಂಜೆ ಅವರು ಹೊಸ ಬುಷ್ಷಿನೊಂದಿಗೆ ಇಳಿದರು. ಅದು ಒಂದು ನೂಲು ಸಣ್ಣದಿತ್ತು. ಕಾರು ಮತ್ತೆ ಟ್ರ್ಯಾಕ್ಟರಿನ ಹಿಂದೆಯೇ ಬಳ್ಳಾರಿಗೆ ಬಂತು.

"ಸಾಕು ಬಿಡ್ರಿ ಮಾಮಾ, ಗುಜರಿಗೆ ಹಾಕ್ರಿ," ಎಂದೆ. ಅವರು ನಗಲಿಲ್ಲ. "ಅಕಿ ಬಾಗಲಾಗ ನಿಂದ್ರೋದು ನೀ ವರ್ಷಕ್ಕೊಮ್ಮೆ ನೋಡ್ತಿ. ನಾ ದಿನಾ ನೋಡ್ತೀನಿ," ಎಂದು ಲೇತಿನ ಕಡೆ ತಿರುಗಿದರು. ನನಗೆ ನಾಚಿಕೆಯಾಯಿತು. ಆಮೇಲೆ ನಾನು ಆ ಕಾರಿನ ಬಗ್ಗೆ ಜೋಕು ಮಾಡಲಿಲ್ಲ.

ಈ ಸಲದ ಪಂಚಮಿಗೆ ನಾನು ಅಲ್ಲೇ ಇದ್ದೆ. ಅಷ್ಟರಲ್ಲಿ ಬುಷ್ಷು ಅಂತೂ ಅಳತೆಗೆ ಬಂದಿತ್ತು. ಮಾವ ಬೆಳಿಗ್ಗೆಯೇ ಮಡಿಸಿಟ್ಟ ಬಿಳಿ ಪಂಚೆ ಉಟ್ಟು, ಟ್ರಯಲ್ ಎಂದು ಹೇಳಿ ಕಾರು ತೆಗೆದುಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಹಾರ್ನ್ ಆಯಿತು. ಅತ್ತೆ ಎಂದಿನಂತೆ ಹಿಟ್ಟಿನ ಕೈಯಲ್ಲೇ ಓಡಿದರು. ಅಂಬಾಸಿಡರ್ ನಿಂತಿತ್ತು. ಮಾವ ಇಳಿದವರು ಹೊಸ್ತಿಲಾಚೆಯೇ ನಿಂತರು.

"ಒಳಗ ಬರ್ರಿ, ಯಾಕ ಹೊರಗ ನಿಂತೀರಿ?"

"ನಾ ಇವತ್ತು ಗಂಡ ಅಂತ ಬಂದಿಲ್ಲ," ಎಂದರು ಮಾವ. "ನಿಮ್ಮಣ್ಣನ ಗಾಡಿ ತಂದೀನಿ. ಸಿರಿಗೇರಿಯಿಂದ ಹಬ್ಬಕ್ಕ ಕರ್ಯಾಕ ಬಂದೀನಿ. ನಡಿ."

ಅತ್ತೆ ಕಾರಿನ ಬಾನೆಟ್ಟಿನ ಮೇಲೆ ಹಿಟ್ಟಿನ ಕೈ ಇಟ್ಟು ಅತ್ತುಬಿಟ್ಟರು. ನನ್ನ ಕಣ್ಣೂ ತುಂಬಿತು. ಆಮೇಲೆ ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದವರು ಒಂದು ಚೊಂಬು ನೀರು ತಂದು, ಸ್ವಂತ ಗಂಡನ ಮುಂದೆ, ಹೊಸ್ತಿಲ ಹೊರಗೆ ಇಟ್ಟರು.

"ಕಾಲು ತೊಳಕೊಂಡು ಬರ್ರಿ," ಎಂದರು. "ತವರಿಂದ ಕರ್ಯಾಕ ಬಂದೋರಿಗೆ ಉಣ್ಣಾಕ ಹಾಕದ ಹೆಂಗ ಹೊಂಡ್ಲಿ?"