ರಕ್ತಪಿಶಾಚಿಯ ಕೆಲಸದಲ್ಲಿ ನಮ್ಮತ್ತೆ ಕಂಡ ಲೋಪಗಳು

ಚಾಮರಾಜನಗರದ ಅರ್ಧ ಊರಿನ ರಕ್ತ ಕುಡಿದವಳು ನಮ್ಮ ಸೋದರತ್ತೆ! ಗಾಬರಿಯಾಗಬೇಡಿ. ಕುಡಿದಳು ಎಂಬುದು ನನ್ನ ಉತ್ಪ್ರೇಕ್ಷೆ. ತೆಗೆದಳು ಎಂಬುದು ಸತ್ಯ. ಆಸ್ಪತ್ರೆಯ ಲ್ಯಾಬಿನಲ್ಲಿ ಮೂವತ್ತು ವರ್ಷ ಕೂತು, ಬಂದವರ ತೋಳಿಗೆ ಪಟ್ಟಿ ಕಟ್ಟಿ, "ಮುಷ್ಟಿ ಹಿಡಿ, ಆ ಕಡೆ ನೋಡು" ಎಂದು ಹೇಳುತ್ತಲೇ ನಿವೃತ್ತಳಾದವಳು. ಈಗ ಗುಂಡ್ಲುಪೇಟೆ ದಾರಿಯ ಬೇಗೂರಿನಲ್ಲಿ ಒಂದು ಎಮ್ಮೆ, ಒಂದು ಟೀವಿ ಇಟ್ಟುಕೊಂಡು ಒಬ್ಬಳೇ ಇದ್ದಾಳೆ.

ಅತ್ತೆಗೆ ಮನುಷ್ಯರ ಮುಖ ನೆನಪಿರುವುದಿಲ್ಲ, ತೋಳು ನೆನಪಿರುತ್ತದೆ. ಮದುವೆ ಮನೆಯಲ್ಲಿ ಯಾರಾದರೂ ಬಂದು ನಮಸ್ಕಾರ ಎಂದರೆ ಮುಖವನ್ನು ಪಿಳಿಪಿಳಿ ನೋಡಿ, ಅಂಗಿಯ ತೋಳು ಮೇಲೇರಿಸಿದ ಮೇಲೆಯೇ "ಓ ನೀನಾ! ಎಡಗೈಲಿ ಸಿಗ್ನಿಲ್ಲ ಅಂತ ಬಲಗೈಲಿ ತೆಗ್ದಿದ್ದೆ" ಎಂದು ಗುರುತು ಹಿಡಿಯುತ್ತಾಳೆ. ನನಗೆ ಹೆಣ್ಣು ನೋಡಲು ಹೋದಾಗ ಹಿರಿಯಳೆಂದು ಅವಳನ್ನೂ ಕರೆದುಕೊಂಡು ಹೋಗಿದ್ದೆವು. ಹುಡುಗಿ ಕಾಫಿ ಕೊಟ್ಟು ಒಳಗೆ ಹೋದಳು. ಹೇಗಿದ್ದಾಳೆ ಎಂದು ಅಪ್ಪ ಪಿಸುಗುಟ್ಟಿದರೆ, ಅತ್ತೆ ಇಡೀ ಪಡಸಾಲೆಗೆ ಕೇಳುವ ಹಾಗೆ ತೀರ್ಪು ಕೊಟ್ಟಳು:

"ಒಪ್ಕೊಬುಡು ಕಣಣ್ಣ. ಎಲ್ಡು ಕೈಲೂ ಒಳ್ಳೆ ನರ ಅವೆ!"

ನನ್ನ ಹೆಂಡತಿ ಆ ಮಾತನ್ನು ಇನ್ನೂ ಕ್ಷಮಿಸಿಲ್ಲ.

ಇಂಥ ಅತ್ತೆಯ ಕಣ್ಣಿಗೆ ರಕ್ತಪಿಶಾಚಿಯ ಸಿನಿಮಾ ಬೀಳಬಾರದಿತ್ತು. ಬಿತ್ತು. ತಪ್ಪು ನನ್ನದೇ. ಟೀವಿಗೆ ಇಂಟರ್ನೆಟ್ ಜೋಡಿಸಿ, ರಿಮೋಟಿನಲ್ಲಿ ಮಾತಾಡಿದರೆ ಬೇಕಾದ್ದು ಬರುತ್ತದೆ ಎಂದು ಹೇಳಿಕೊಟ್ಟು ಬಂದಿದ್ದೆ. ಅತ್ತೆ ಭಜನೆ ಕೇಳಿದಳೋ, ಭೂತ ಕೇಳಿದಳೋ, ಟೀವಿಗೆ ಏನು ಕೇಳಿಸಿತೋ! ಯಾವುದೋ ದೇಶದ, ಯಾವುದೋ ಕಾಲದ ಕಪ್ಪು ಬಿಳುಪು ಚಿತ್ರ ಬಂತು. ಪಾಳು ಬಂಗಲೆ, ಕಡ್ಡಿಯಂಥ ಮನುಷ್ಯ, ಪಾದ ಮುಟ್ಟುವ ಕರಿಕೋಟು. ಅವರು ಆಡುವ ಭಾಷೆ ಯಾವುದೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಬೇರೆ ಯಾರಾದರೂ ಆಗಿದ್ದರೆ ಟೀವಿ ಆರಿಸಿ ದೇವರಿಗೆ ಕೈ ಮುಗಿಯುತ್ತಿದ್ದರು. ಅತ್ತೆ ನನಗೆ ಫೋನು ಮಾಡಿದಳು.

"ಲೇ, ಇಲ್ಲೊಬ್ಬ ರಕ್ತ ತೆಗಿತಾವ್ನೆ ಕಣ್ಲಾ. ಏನೂ ಕಲ್ತಿಲ್ಲ!"

"ಯಾರತ್ತೆ?"

"ಯಾವನೋ ಕೋಟ್ನವ್ನು. ಆ ಉಡ್ಗಿ ತೋಳಲ್ಲಿ ಅಷ್ಟು ದಪ್ಪ ನರ ಅದೆ, ಅದ ಬುಟ್ಬುಟ್ಟು ಕುತ್ಗೆಗೆ ಓಯ್ತಾನೆ. ಒಂದು ತೂತು ಸಾಲ್ದು ಅಂತ ಎಲ್ಡು ತೂತು! ಸ್ಪಿರಿಟ್ ಇಲ್ಲ, ಹತ್ತಿ ಇಲ್ಲ. ಅವ್ಳ ರಕ್ತದ ಗುಂಪು ಯಾವ್ದು ಅಂತನಾದ್ರೂ ಕೇಳ್ಬೇಕೋ ಬ್ಯಾಡ್ವೋ?"

ಚಿತ್ರದ ಕೆಳಗೆ ನೋಡಿದವರು ತಮ್ಮ ಅಭಿಪ್ರಾಯ ಬರೆಯಬಹುದು ಎಂದು ಬಾಯಿ ತಪ್ಪಿ ಹೇಳಿದೆ. ಮುಂದಿನ ಭಾನುವಾರ ಬೇಗೂರಿಗೆ ಹೋದಾಗ ಅವಳ ಫೋನಿನಲ್ಲಿ ಅದನ್ನು ತೆರೆದುಕೊಟ್ಟು, ಇದ್ದ ಅಭಿಪ್ರಾಯಗಳನ್ನು ಕನ್ನಡ ಮಾಡಿ ಓದಬೇಕಾಯಿತು. ಹೆಚ್ಚಿರಲಿಲ್ಲ, ಮೂವತ್ತೋ ನಲವತ್ತೋ. ಒಬ್ಬ ನೆರಳು ಬೆಳಕಿನ ಕಾವ್ಯ ಎಂದಿದ್ದ. "ನೆರಳೇನೋ ಸರಿ, ಬೆಳಕೆಲ್ಲದೆ?" ಎಂದಳು ಅತ್ತೆ. ಇನ್ನೊಬ್ಬ, ಇದು ಮರೆತುಹೋದ ಮಹಾನ್ ಕೃತಿ ಎಂದು ಕೊರಗಿದ್ದ. "ಮರ್ತೋಗ್ದೆ ಏನ್ಮಾಡದು? ಎಲ್ಲಾರ್ಗೂ ರಕ್ತ ಕಮ್ಮಿ ಆಗ್ಬುಟ್ಟದೆ!"

ತನ್ನ ಅಭಿಪ್ರಾಯವನ್ನು ಫೋನಿಗೆ ಮಾತಾಡಿಯೇ ಬರೆಸಿದಳು. ಅಷ್ಟರಲ್ಲಿ ಹಿತ್ತಲಿನ ಎಮ್ಮೆ ಹಗ್ಗ ಬಿಚ್ಚಿಕೊಂಡು ಬಾಳೆಗಿಡಕ್ಕೆ ಬಾಯಿ ಹಾಕಿತು. ಅತ್ತೆ ಕಿಟಕಿ ಕಡೆ ತಿರುಗಿ ನನಗೆ ಕೂಗಿದಳು. ಫೋನು ಅದನ್ನೂ ಶ್ರದ್ಧೆಯಿಂದ ಬರೆದುಕೊಂಡಿತು. ವಿದೇಶಿ ವಿದ್ವಾಂಸರ ಸಾಲಿನಲ್ಲಿ ಇವತ್ತಿಗೂ ನಮ್ಮತ್ತೆಯ ಕನ್ನಡ ವಿಮರ್ಶೆ ಹೀಗೆ ರಾರಾಜಿಸುತ್ತಿದೆ: "ಇವನಿಗೆ ನರ ಹಿಡಿಯಲು ಬರುವುದಿಲ್ಲ ಎಮ್ಮೆ ಆಚೆ ಕಟ್ಟು."

ವಾರದೊಳಗೆ ಹನ್ನೊಂದು ಜನ ಮೆಚ್ಚಿದ್ದರು. ಒಬ್ಬ ಮಹಾಶಯ ಅದನ್ನು ತನ್ನ ಭಾಷೆಗೆ ಅನುವಾದಿಸಿಕೊಂಡು ಬಹಳ ವಿನಯದಿಂದ ಕೇಳಿದ್ದ: "ಎಮ್ಮೆ ಇಲ್ಲಿ ಸಾವಿನ ಸಂಕೇತವೇ?"

"ದಿನಾ ಮೂರು ಲೀಟ್ರು ಕೊಡ್ತದೆ ಅಂತ ಬರಿ," ಎಂದಳು ಅತ್ತೆ.

ಬರೆಯುವವರ ಅಭಿಪ್ರಾಯ ಸಾಲದಾಯಿತು. ಪ್ರತಿ ಭಾನುವಾರ ಮಧ್ಯಾಹ್ನ ಮೂರಕ್ಕೆ ಅತ್ತೆಯ ಪಡಸಾಲೆಯಲ್ಲಿ ಉಚಿತ ಪ್ರದರ್ಶನ ಶುರುವಾಯಿತು. ಕಾಫಿಯೂ ಉಂಟು. ಆದರೆ ಅಭಿಪ್ರಾಯ ಹೇಳಿದ ಮೇಲೆಯೇ ಲೋಟ ಕೈಗೆ! ಎದುರುಮನೆಯಲ್ಲಿ ಬಸ್ ಓಡಿಸಿ ನಿವೃತ್ತನಾದ ಡ್ರೈವರಣ್ಣ ಒಬ್ಬ ಇದ್ದಾನೆ. ಇಡೀ ಚಿತ್ರದಲ್ಲಿ ಅವನಿಗೆ ಕಂಡದ್ದು ಕುದುರೆ ಗಾಡಿ ಒಂದೇ.

"ಅಂಥ ತಿರುವ್ನಲ್ಲಿ ಅಂಗ ಓಡಿಸ್ತಾರೇನಕ್ಕ? ಬಂಡೀಪುರದ ರೋಡ್ನಲ್ಲಿ ಇಂಗ್ ಓಡ್ಸಿದ್ರೆ ಆನೆ ಎತ್ತಿ ಬಿಸಾಕ್ಬುಡ್ತಿತ್ತು."

ಹೆದ್ದಾರಿಯ ಪಕ್ಕ ಟೀ ಅಂಗಡಿ ಇಟ್ಟಿರುವ ಮಲಯಾಳಿ ಚೇಟನಿಗೆ ಪಿಶಾಚಿಯ ನಡತೆಯೇ ಹಿಡಿಸಲಿಲ್ಲ. "ನಮ್ಮ ಕಡೆ ಯಕ್ಷಿ ಇದೆ ಚೇಚಿ. ಅದು ಮೊದಲು ಸ್ವಲ್ಪ ಸುಣ್ಣ ಇದೆಯಾ ಅಂತ ಕೇಳುತ್ತೆ. ಆಮೇಲೇ ರಕ್ತ. ಒಂದು ಮರ್ಯಾದೆ ಬೇಡವಾ?"

ಅತ್ತೆಗೆ ಆ ಅಭಿಪ್ರಾಯ ಎಷ್ಟು ಹಿಡಿಸಿತೆಂದರೆ ಚೇಟನಿಗೆ ಎರಡು ಲೋಟ ಕಾಫಿ ಕೊಟ್ಟಳು. ಟೀ ಅಂಗಡಿಯವನಿಗೆ!

ಹೀಗೆ ಕಳೆದ ಬೇಸಿಗೆಯಲ್ಲಿ ಒಂದು ಭಾನುವಾರ ಹೊಸ ಪ್ರೇಕ್ಷಕರು ಬಂದರು. ಹರದನಹಳ್ಳಿಯಿಂದ ಬೇಗೂರಿನ ಶಾಲೆಗೆ ವರ್ಗವಾಗಿ ಬಂದು, ಅತ್ತೆಯ ಹಿಂದಿನ ಬೀದಿಯಲ್ಲಿ ಬಾಡಿಗೆಗಿದ್ದ ಟೀಚರಮ್ಮ, ಮತ್ತು ಅವರ ಇಪ್ಪತ್ತರ ಆಸುಪಾಸಿನ ಮಗಳು. ಹುಡುಗಿ ಬಿಳಿಚಿಕೊಂಡಿದ್ದಳು, ಸೆಕೆಯಲ್ಲೂ ತುಂಬು ತೋಳಿನ ಸ್ವೆಟರ್ ಹಾಕಿದ್ದಳು. ಮೂರು ವಾರಕ್ಕೊಮ್ಮೆ ಇಬ್ಬರೂ ಚಾಮರಾಜನಗರಕ್ಕೆ ಹೋಗಿ ಬರುತ್ತಿದ್ದರು. ದೇವರ ಹರಕೆ ಎಂದು ಟೀಚರಮ್ಮ ಬೀದಿಯವರಿಗೆಲ್ಲ ಹೇಳಿದ್ದರು.

ಚಿತ್ರ ಮುಗಿಯಿತು. ಕೊನೆಯಲ್ಲಿ ಊರಿನವರೆಲ್ಲ ದೊಣ್ಣೆ, ಪಂಜು ಹಿಡಿದು ಕೋಟಿನವನನ್ನು ಅಟ್ಟಿಸಿಕೊಂಡು ಹೋಗಿ ಸಾಯಿಸುತ್ತಾರೆ. ಡ್ರೈವರಣ್ಣ ಎಂದಿನಂತೆ ಕುದುರೆಗಳ ಪರವಾಗಿ ನಾಲ್ಕು ಮಾತಾಡಿ ಲೋಟ ಪಡೆದ. ಅತ್ತೆ ಹುಡುಗಿಯ ಕಡೆ ತಿರುಗಿದಳು.

"ನೀ ಏಳಮ್ಮಿ. ಎಂಗಿತ್ತು?"

"ಪಾಪ ಅನ್ನಿಸ್ತು ಅಜ್ಜಿ."

"ಯಾರ್ನ ಕಂಡು? ಆ ಉಡ್ಗೀನಾ?"

"ಅಲ್ಲ, ಕೋಟಿನವನನ್ನ. ಬೇರೆಯವರ ರಕ್ತ ಇಲ್ದೆ ಬದುಕೋಕಾಗಲ್ಲ ಅನ್ನೋದು ಅವನ ತಪ್ಪಾ? ಎಲ್ರೂ ಹೊಡೆಯೋಕೇ ಓಡ್ತಾರೆ. ಎಷ್ಟು ಬೇಕಪ್ಪ ಅಂತ ಒಬ್ರಾದ್ರೂ ಕೇಳ್ಬೋದಿತ್ತು." ಸ್ವೆಟರಿನ ತೋಳು ಕೆಳಗೆಳೆದುಕೊಳ್ಳುತ್ತ ಅವಳೇ ಹೇಳಿದಳು, "ನಂಗೂ ಮೂರು ವಾರಕ್ಕೊಂದು ಬಾಟ್ಲಿ ಬೇಕು."

ಟೀಚರಮ್ಮನ ಮುಖ ಸುಣ್ಣವಾಯಿತು. "ಅಯ್ಯೋ, ಏನೇನೋ ಮಾತಾಡ್ತಾಳೆ ಇವಳು. ಹಾಗೇನಿಲ್ಲಮ್ಮ, ಸ್ವಲ್ಪ ನಿಶ್ಶಕ್ತಿ ಅಷ್ಟೇ. ಏಳು, ಮನೆಗೆ ಹೋಗೋಣ," ಎಂದು ಮಗಳ ರಟ್ಟೆ ಹಿಡಿದು ಎಬ್ಬಿಸಹೋದರು.

ಅತ್ತೆ ಕಾಫಿ ಲೋಟವನ್ನು ಕೆಳಗಿಟ್ಟಳು. ಹುಡುಗಿಯ ಪಕ್ಕ ಕೂತು, ಒಂದು ಮಾತೂ ಕೇಳದೆ ಸ್ವೆಟರಿನ ತೋಳನ್ನು ಮೊಣಕೈ ತನಕ ಮೇಲೇರಿಸಿದಳು. ಅಲ್ಲಿ ಹಳೆಯ ಗುರುತಿನ ಮೇಲೆ ಹೊಸ ಗುರುತು, ನೀಲಿ, ಹಳದಿ, ಕಪ್ಪು.

"ಟೀಚರಮ್ಮ, ಇಂಥ ಗುರುತ ನಾನೇ ಮೂವತ್ತು ವರ್ಸ ಮಾಡಿವ್ನಿ," ಎಂದಳು ಮೆಲ್ಲಗೆ. "ನನ್ ತಾವೂ ಯಾಕ ಮುಚ್ಚಿಡ್ತೀರಿ?"

ಟೀಚರಮ್ಮ ಕೂತಲ್ಲೇ ಅಳತೊಡಗಿದರು. ಎರಡು ವರ್ಷದಿಂದ ಹುಡುಗಿಯ ಮೈಯಲ್ಲಿ ರಕ್ತ ಸರಿಯಾಗಿ ಹುಟ್ಟುತ್ತಿರಲಿಲ್ಲ. ಜನಕ್ಕೆ ತಿಳಿದರೆ ಮದುವೆ ಆಗುವುದಿಲ್ಲ ಎಂಬ ಒಂದು ಹೆದರಿಕೆ. ಪ್ರತಿ ಸಲ ರಕ್ತ ಕೊಡುವವರನ್ನು ಹುಡುಕುವುದು ಇನ್ನೊಂದು. ಗುಟ್ಟಾಗಿ ಎಷ್ಟು ಜನರನ್ನು ಕೇಳಲು ಆಗುತ್ತದೆ? ಡ್ರೈವರಣ್ಣ ಅಂಗಿಯ ತೋಳು ಮೇಲೇರಿಸಿಕೊಂಡ.

"ನಂದು ಓ ಪಾಸಿಟಿವ್ ಕಣಕ್ಕ. ಬೇಕಾದ್ರೆ ತಗೊಳ್ಳಿ."

"ನಿನ್ ಮೈಲಿ ರಕ್ತ ಎಲ್ಲದ್ಲಾ, ಬರೀ ಡೀಸೆಲ್ಲು!" ಎಂದಳು ಅತ್ತೆ. ಹುಡುಗಿ ಕಿಸಕ್ಕನೆ ನಕ್ಕಳು. ಅಳುತ್ತಿದ್ದ ಟೀಚರಮ್ಮನಿಗೂ ನಗು ಬಂತು. ಡೀಸೆಲ್ಲೋ ರಕ್ತವೋ, ಮುಂದಿನ ವಾರ ಡ್ರೈವರಣ್ಣ ಚಾಮರಾಜನಗರಕ್ಕೆ ಹೋಗಿ ಕೊಟ್ಟು ಬಂದ. ಚೇಟ ತನ್ನ ಅಂಗಡಿಗೆ ಬರುವ ಲಾರಿಯವರನ್ನು ಹಿಡಿದು ರಕ್ತದ ಗುಂಪು ಕೇಳತೊಡಗಿದ. ಟೀ ಕುಡಿಯಲು ಬಂದವರು ಬೆಚ್ಚಿ ಬೀಳುತ್ತಿದ್ದರಂತೆ!

ಹುಡುಗಿಗೆ ರಕ್ತ ಕೊಡುವ ದಿನ ಅತ್ತೆ ತಾನೂ ಬರುತ್ತೇನೆಂದು ಬೆಳಗಿನ ಬಸ್ಸಿಗೆ ಅವರ ಜೊತೆ ಹೊರಟಳು. ನನ್ನ ಕಚೇರಿ ಚಾಮರಾಜನಗರದ ಆಸ್ಪತ್ರೆಗೆ ಹತ್ತಿರವಾದ್ದರಿಂದ ಮಧ್ಯಾಹ್ನ ಮೂವರಿಗೂ ಚಿತ್ರಾನ್ನ ಕಟ್ಟಿಸಿಕೊಂಡು ಹೋದೆ. ಟೀಚರಮ್ಮ ಔಷಧಿ ತರಲು ಹೊರಗೆ ಹೋಗಿದ್ದರು. ಬೆಳಗ್ಗೆ ಎಳೆಯ ನರ್ಸಮ್ಮ ಎರಡು ಸಲ ಚುಚ್ಚಿದರೂ ನರ ಸಿಕ್ಕಿರಲಿಲ್ಲವಂತೆ. ಅತ್ತೆ ಅವಳನ್ನು ಬೈಯಲಿಲ್ಲವಂತೆ. ಹುಡುಗಿಯ ತಣ್ಣನೆಯ ತೋಳನ್ನು ತನ್ನ ಎರಡು ಅಂಗೈ ನಡುವೆ ಇಟ್ಟುಕೊಂಡು ಹತ್ತು ನಿಮಿಷ ಉಜ್ಜಿ ಬಿಸಿ ಮಾಡಿ, "ಈಗ ನೋಡು ಮಗ, ಬತ್ತದೆ," ಎಂದು ನರ್ಸಮ್ಮನಿಗೆ ಜಾಗ ಬಿಟ್ಟಳಂತೆ. ಬಂತಂತೆ.

ನಾನು ಹೋದಾಗ ಹುಡುಗಿ ನಿದ್ದೆಯಲ್ಲಿದ್ದಳು. ಮೇಲಿನ ಚೀಲದಿಂದ ರಕ್ತ ಹನಿ ಹನಿಯಾಗಿ ಇಳಿಯುತ್ತಿತ್ತು. ಅತ್ತೆ ಅವಳ ಬೆರಳುಗಳನ್ನು ಹಿಡಿದುಕೊಂಡು ಮಂಚದ ಪಕ್ಕ ನಿಂತೇ ಇದ್ದಳು.

"ಎಷ್ಟೊತ್ತು ನಿಂತಿರ್ತೀಯ ಅತ್ತೆ, ಕೂತ್ಕೊ," ಎಂದೆ.

"ಸುಮ್ನಿರ್ಲಾ. ಈಗ ಕಣ್ ಮುಚ್ಚವ್ಳೆ."

ಅವಳು ನನ್ನನ್ನು ನೋಡುತ್ತಿರಲಿಲ್ಲ. ಕಣ್ಣು ಆ ಸಣ್ಣ ಕೊಳವೆಯ ಮೇಲಿತ್ತು. ಹುಡುಗಿಗೆ ಎಚ್ಚರವಾಗದಷ್ಟು ಸಣ್ಣ ದನಿಯಲ್ಲಿ ಹೇಳಿದಳು:

"ಮೂವತ್ತು ವರ್ಸ ಬರೀ ತೆಗ್ದಿದ್ದೇ ಆಯ್ತು ಕಣ್ಲಾ. ಒಳೀಕೆ ಓಗೋದ ಒಂದಿನಾನೂ ನಿಂತ್ಕಂಡು ನೋಡ್ನಿಲ್ಲ."

ಕೈ ಬಿಡದೆ, ಕಾಲಿನಲ್ಲೇ ಸ್ಟೂಲನ್ನು ನನ್ನ ಕಡೆ ತಳ್ಳಿದಳು. ನಾನು ಕೂತೆ.