ಷೇರು ಕೊಳ್ಳದ ಭಾವನ ಷೇರು ಭಾಷೆ ತರಗತಿ

ನಮ್ಮ ಭಾವನಿಗೆ ತಲೆ ಕೆಟ್ಟಿದೆ ಎಂದು ಶಿವಮೊಗ್ಗದ ದುರ್ಗಿಗುಡಿಯಲ್ಲಿ ಮೊಟ್ಟಮೊದಲು ಘೋಷಿಸಿದವಳು ನಮ್ಮಕ್ಕ. ಅವಳು ಅವರ ಹೆಂಡತಿಯೇ ಆದ್ದರಿಂದ ಯಾರೂ ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಹೆಂಡತಿಯರು ಇನ್ನೇನು ಹೇಳುತ್ತಾರೆ! ಆದರೆ ಜನ್ಮದಲ್ಲಿ ಒಂದೇ ಒಂದು ಷೇರು ಕೊಂಡಿರದ, ಮುಂದೆಯೂ ಕೊಳ್ಳುವುದಿಲ್ಲವೆಂದು ಎದೆ ತಟ್ಟಿ ಹೇಳುವ ಮನುಷ್ಯ, ಷೇರುಪೇಟೆಯ ಚಾರ್ಟು ಓದಲು ಬೇಕಾದ ಕಂಪ್ಯೂಟರ್ ಭಾಷೆ ಕಲಿಸುತ್ತೇನೆಂದು ಬೋರ್ಡು ಹಾಕಿದಾಗ ಅಕ್ಕನ ಮಾತಿಗೆ ಊರಿನ ಬೆಂಬಲ ತಾನಾಗಿಯೇ ಸಿಕ್ಕಿತು.

ಭಾವ ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ದುಡಿದವರು. ಬಾಯ್ಲರಿನ ಪಕ್ಕದ ಗೋಡೆಯಲ್ಲಿ ಒಂದು ದುಂಡನೆಯ ಪೆಟ್ಟಿಗೆ, ಅದರೊಳಗೆ ನಿಧಾನವಾಗಿ ತಿರುಗುವ ಕಾಗದದ ಬಿಲ್ಲೆ, ಅದರ ಮೇಲೆ ಹಬೆಯ ಒತ್ತಡ ಏರಿದ್ದು ಇಳಿದದ್ದನ್ನು ಗೀಚುತ್ತಾ ಹೋಗುವ ಒಂದು ಪೆನ್ನು. ಆ ಗೀಚು ನೋಡಿ "ಇನ್ನರ್ಧ ಗಂಟೇಲಿ ಇದು ಗಲಾಟೆ ಮಾಡುತ್ತೆ" ಎಂದು ಹೇಳುವುದೇ ಅವರ ಕೆಲಸ. ಸ್ವಯಂ ನಿವೃತ್ತಿ ತೆಗೆದುಕೊಂಡು, ಕಾಗದನಗರದ ಕ್ವಾರ್ಟರ್ಸ್ ಬಿಟ್ಟು ಶಿವಮೊಗ್ಗಕ್ಕೆ ಬಂದ ಮೇಲೆ ಅವರಿಗೆ ನೋಡಲು ಯಾವ ಗೀಚೂ ಇರಲಿಲ್ಲ. ಹಾಲಿನ ಪಾತ್ರೆಯ ಮುಂದೆ ನಿಂತು "ಈಗ ಉಕ್ಕುತ್ತೆ, ಇನ್ನೊಂದು ನಿಮಿಷಕ್ಕೆ ಉಕ್ಕುತ್ತೆ" ಎನ್ನುತ್ತಿದ್ದರು. ಉಕ್ಕುತ್ತಿತ್ತು. ಒಲೆಯನ್ನು ಮಾತ್ರ ಆರಿಸುತ್ತಿರಲಿಲ್ಲ.

"ಕಣ್ಣೆದುರಿಗೇ ಉಕ್ತಾ ಇದ್ರೂ ಸುಮ್ನೆ ನಿಂತಿದೀರಲ್ರೀ!" ಎಂದು ಅಕ್ಕ ಓಡಿ ಬರುತ್ತಿದ್ದಳು.

"ಹೇಳೋದಷ್ಟೇ ನನ್ನ ಕೆಲಸ. ವಾಲ್ವ್ ತಿರುಗಿಸೋ ಸೆಕ್ಷನ್ನೇ ಬೇರೆ!"

ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿತ್ತು. ಊರಿಗೆ ಊರೇ ಷೇರಿನ ಜ್ವರದಲ್ಲಿ ಮಲಗಿತ್ತು. ಕಟಿಂಗ್ ಶಾಪಿನಲ್ಲಿ ಕೂದಲು ಕತ್ತರಿಸುವವನು ಕಿವಿಯ ಹತ್ತಿರ ಬಗ್ಗಿ "ಸಿಮೆಂಟ್ ಹಿಡ್ಕಳ್ಳಿ ಸಾರ್, ಸ್ಟೀಲ್ ಬಿಡಿ" ಎಂದು ಸಲಹೆ ಕೊಡುತ್ತಿದ್ದ. ಕತ್ತರಿ ಕಿವಿಯ ಹತ್ತಿರ ಇರುವಾಗ ಯಾರು ತಾನೇ ವಾದ ಮಾಡುತ್ತಾರೆ! ಇಂಥ ಒಂದು ದಿನ ಭಾವ ಯಾರದೋ ಮನೆಯ ಕಂಪ್ಯೂಟರಿನಲ್ಲಿ ಷೇರಿನ ಚಾರ್ಟು ನೋಡಿಬಿಟ್ಟರು. ಏರುತ್ತಾ ಇಳಿಯುತ್ತಾ ಹೋಗುವ ಗೆರೆ! ತವರುಮನೆಯವರನ್ನು ಕಂಡ ಸೊಸೆಯಂತೆ ಅವರ ಕಣ್ಣು ತುಂಬಿ ಬಂದವಂತೆ. "ಮಾರಾಯ, ಇದು ನಮ್ಮ ಬಾಯ್ಲರು ಕಣೋ!" ಎಂದರಂತೆ.

ಹದಿನೈದು ದಿನದಲ್ಲಿ ಮನೆಗೆ ಕಂಪ್ಯೂಟರ್ ಬಂತು. ಜೊತೆಗೆ ಚಾರ್ಟು ಬಿಡಿಸುವ ಒಂದು ಸಾಫ್ಟ್‌ವೇರ್. ಅದರೊಳಗೆ ನಾವೇ ಸೂತ್ರ ಬರೆಯಲು ಒಂದು ಪುಟ್ಟ ಭಾಷೆ. ಬೆಲೆ ಹೀಗಾದರೆ ಕೊಳ್ಳು, ಹಾಗಾದರೆ ಮಾರು ಎಂದು ನಾವು ಬರೆದುಕೊಟ್ಟರೆ, ಅದು ಹಳೆಯ ಬೆಲೆಗಳ ಮೇಲೆಲ್ಲ ಆ ಸೂತ್ರವನ್ನು ಓಡಿಸಿ, ಗೆಲ್ಲುತ್ತಿದ್ದೆವೋ ಸೋಲುತ್ತಿದ್ದೆವೋ ಹೇಳುತ್ತದೆ. ಭಾವ ಆರು ತಿಂಗಳು ಅದರ ಪುಸ್ತಕವನ್ನು ಪಾರಾಯಣ ಮಾಡಿದರು. ಆ ಆರು ತಿಂಗಳು ಮನೆಯಲ್ಲಿ ಯಾರೂ ಕನ್ನಡದಲ್ಲಿ ನೆಟ್ಟಗೆ ಮಾತಾಡಲಿಲ್ಲ.

"ಇಫ್ ಅಡುಗೆ ಆಗಿದ್ರೆ, ಊಟ. ಎಲ್ಸ್, ಹೋಟೆಲು" ಎಂದು ಭಾವ ಹಾಲ್‌ನಿಂದಲೇ ಕೂಗುತ್ತಿದ್ದರು.

"ಆ ಎಲ್ಸು ನಿಮ್ಮ ಪುಸ್ತಕದಲ್ಲಿದೆ. ನನ್ನ ಮನೇಲಿಲ್ಲ!" ಎಂದು ಅಕ್ಕ ಅಡುಗೆಮನೆಯಿಂದಲೇ ಆ ವಾಕ್ಯಕ್ಕೆ ಪೂರ್ಣವಿರಾಮ ಹಾಕುತ್ತಿದ್ದಳು.

ಇನ್ನು ನನ್ನ ಕಥೆ ಸ್ವಲ್ಪ ಹೇಳಲೇಬೇಕು. ನಾನು ಅಕ್ಕನ ಮನೆಯಲ್ಲೇ ಇದ್ದುಕೊಂಡು ದುರ್ಗಿಗುಡಿಯ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಹನ್ನೊಂದು ವರ್ಷ ಟೈಪಿಂಗ್ ಕಲಿಸಿದವಳು. ಕನ್ನಡ, ಇಂಗ್ಲಿಷ್ ಎರಡರಲ್ಲೂ ಸೀನಿಯರ್ ಪರೀಕ್ಷೆ ಪಾಸು. ಕಣ್ಣು ಮುಚ್ಚಿ ಹೊಡೆದರೂ ಒಂದಕ್ಷರ ತಪ್ಪುತ್ತಿರಲಿಲ್ಲ ಎಂಬುದು ನನ್ನ ಜಂಬ. ಆಮೇಲೆ ಕಂಪ್ಯೂಟರ್ ಬಂತು ನೋಡಿ, ಟೈಪಿಂಗ್ ಕಲಿಯಲು ಬರುವವರು ನಿಂತರು. ಮಾಲೀಕರು ಯಂತ್ರಗಳನ್ನೆಲ್ಲ ಗುಜರಿಗೆ ತೂಗಿ ಹಾಕಿದರು. ನನ್ನನ್ನು ಮಾತ್ರ ತೂಗಲಿಲ್ಲ, ಹಾಗೇ ಬಿಟ್ಟರು. ಅಂದಿನಿಂದ ಕಂಪ್ಯೂಟರ್ ಅಂದರೆ ನನಗೆ ಸವತಿ. ಮನೆಯಲ್ಲಿ ಅದರ ಮೇಲೆ ಧೂಳು ಕೂತರೂ ಒರೆಸುತ್ತಿರಲಿಲ್ಲ.

ಭಾವ ತಮ್ಮ ತರಗತಿಗೆಂದು ಬಾಡಿಗೆ ಹಿಡಿದದ್ದು ಅದೇ ಇನ್‌ಸ್ಟಿಟ್ಯೂಟಿನ ಖಾಲಿ ಕೋಣೆಯನ್ನು! ಹಿಡಿದು, ನನ್ನ ಮುಂದೆ ಬಂದು ನಿಂತರು.

"ನನಗೆ ಎರಡು ಬೆರಳಲ್ಲಿ ಹೊಡೆಯೋಕೆ ಬರೋದು. ನಾನು ಹೇಳ್ತೀನಿ, ನೀನು ಹೊಡಿ."

"ನನ್ನ ಅನ್ನ ಕಿತ್ಕೊಂಡಿದ್ದನ್ನ ನಾನು ಮುಟ್ಟಲ್ಲ ಭಾವ."

"ಮುಟ್ಬೇಡ ಮಾರಾಯ್ತಿ, ಬಡಿ. ಸಿಟ್ಟಿದ್ರೆ ಇನ್ನೂ ಜೋರಾಗಿ ಬಡಿ. ಕೀಲಿಮಣೆ ಅದೇ ತಾನೆ!"

ಹಾಗೆ ಬಡಿಯಲು ಹೋದವಳು ನಾನು.

ಬೋರ್ಡಿನಲ್ಲಿ "ಇಲ್ಲಿ ಭಾಷೆ ಕಲಿಸಲಾಗುವುದು" ಎಂಬುದನ್ನು ದಪ್ಪಕ್ಕೂ "ಷೇರು ಚಾರ್ಟಿನ" ಎಂಬುದನ್ನು ಸಣ್ಣಕ್ಕೂ ಬರೆಸಿದ್ದರಿಂದ ಮೊದಲ ದಿನ ಬಂದವರೆಲ್ಲ ಬೇರೆ ಬೇರೆ ಆಸೆ ಹೊತ್ತು ಬಂದಿದ್ದರು. ಅಡಿಕೆ ಮಂಡಿಯ ಗುಮಾಸ್ತರೊಬ್ಬರು ಇಂಗ್ಲಿಷ್ ಮಾತಾಡಲು ಕಲಿಯಬೇಕೆಂದು ಹೊಸ ನೋಟ್‌ಬುಕ್ ತಂದಿದ್ದರು. ಭಾವ ಅವರನ್ನು ವಾಪಸ್ ಕಳಿಸಿದರೇ? ಇಲ್ಲ! ಕೂರಿಸಿಕೊಂಡರು. ತಿಂಗಳಾದ ಮೇಲೆ ಗುಮಾಸ್ತರಿಗೆ ಇಫ್, ಬೈ, ಸೆಲ್, ಕ್ರಾಸ್ ಎಂಬ ನಾಲ್ಕು ಪದ ಬಂದಿದ್ದವು. "ನಮ್ಮ ಮಂಡಿ ವ್ಯವಹಾರಕ್ಕೆ ಇಷ್ಟು ಇಂಗ್ಲಿಷ್ ಧಾರಾಳ ಆಯ್ತು ಸಾರ್" ಎಂದು ಸಂತೋಷಪಟ್ಟರು.

ಒಟ್ಟು ಹದಿನಾಲ್ಕು ಜನ. ಗುಮಾಸ್ತರನ್ನು ಬಿಟ್ಟು ಹನ್ನೆರಡು ಜನಕ್ಕೂ ಬೇಕಿದ್ದದ್ದು ಒಂದೇ. ಯಾವ ಷೇರು ಏರುತ್ತೆ? ಭಾವ ಕೇಳಿದವರನ್ನೆಲ್ಲ ಎದ್ದು ನಿಲ್ಲಿಸುತ್ತಿದ್ದರು. "ವ್ಯಾಕರಣದ ಮೇಷ್ಟ್ರ ಹತ್ರ ಹೋಗಿ ಲಾಟರಿ ನಂಬರ್ ಕೇಳ್ತೀರೇನ್ರೀ? ಮೊದಲು ಸಾಲಿನ ಕೊನೆಗೆ ಸೆಮಿಕೋಲನ್ ಹಾಕೋದು ಕಲೀರಿ!" ಐವತ್ತು ದಾಟಿದ ಗಂಡಸರು ಬಿಸಿಲಿನಲ್ಲಿ ನಿಂತ ಮಕ್ಕಳ ಹಾಗೆ ನಿಂತಿರುತ್ತಿದ್ದರು.

ಹದಿನಾಲ್ಕನೆಯವರು ಭದ್ರಾವತಿಯಿಂದ ಪ್ರತಿ ಭಾನುವಾರ ಬರುತ್ತಿದ್ದ ಫಿಟ್ಟರ್. ಕಾರ್ಖಾನೆಯಲ್ಲಿ ಭಾವನ ಜೊತೆಗಾರ, ಮನೆಮಾತು ತಮಿಳು. ಅವರೂ ನಿವೃತ್ತಿ ತೆಗೆದುಕೊಂಡಿದ್ದರು, ಕ್ವಾರ್ಟರ್ಸ್ ಖಾಲಿ ಮಾಡುವ ದಿನ ಹತ್ತಿರವಾಗಿತ್ತು. ಕೈಗೆ ಬಂದ ಗಂಟಿನಲ್ಲಿ ಎರಡು ಕೋಣೆಯ ಮನೆ ಕಟ್ಟಬೇಕೆಂದು ಪಾಯ ತೆಗೆಸಿದ್ದರು. "ಸಾರ್ ಹೇಳಿದ್ರೆ ಮುಗೀತಮ್ಮಾ," ಎಂದು ನನ್ನ ಹತ್ತಿರ ಹೇಳುತ್ತಿದ್ದರು. "ಒಂದ್ಸಲ ಬಾಯ್ಲರ್ ಹತ್ರ ನಿಂತಿದ್ದೆ. ಸಾರ್ ಗೀಚು ನೋಡಿ 'ಓಡೋ' ಅಂದ್ರು, ಓಡಿದೆ. ಓಡಿದ್ದಕ್ಕೇ ಇವತ್ತು ಇದೀನಿ." ಇಂಥ ಶಿಷ್ಯ ಯಾವ ಗುರುವಿಗೂ ಅಪಾಯಕಾರಿಯೇ!

ನಾಲ್ಕನೆಯ ತಿಂಗಳಿನ ಒಂದು ಭಾನುವಾರ, ತರಗತಿಯವರೆಲ್ಲ ಸೇರಿ ಕಲಿತಿದ್ದನ್ನೆಲ್ಲ ಹೆಣೆದು ಒಂದು ದೊಡ್ಡ ಸೂತ್ರ ಕಟ್ಟಿದರು. ಭಾವ ಹಾಳೆಯ ಮೇಲೆ ಬರೆದುಕೊಟ್ಟರು, ನಾನು ಹೊಡೆದೆ. ಹಳೆಯ ಬೆಲೆಗಳ ಮೇಲೆ ಓಡಿಸಿದರೆ, ಅಬ್ಬಬ್ಬಾ! ಒಂದು ಸಲವೂ ಸೋಲಿಲ್ಲ. ಲಾಭದ ಗೆರೆ ಏಣಿ ಇಟ್ಟ ಹಾಗೆ ಮೇಲಕ್ಕೆ ಹೋಗಿದೆ. ಗುಮಾಸ್ತರು ಓಡಿಹೋಗಿ ಮೈಸೂರುಪಾಕು ತಂದು ಹಂಚಿದರು. ಒಬ್ಬರು ಅಲ್ಲೇ ಕಾರಿನ ಬಣ್ಣ ಯಾವುದಿರಲಿ ಎಂದು ಯೋಚಿಸತೊಡಗಿದರು. ಫಿಟ್ಟರ್ ಮಾತ್ರ ಪರದೆಯ ಮೇಲಿದ್ದ ಸೂತ್ರವನ್ನು ನೋಟ್‌ಬುಕ್ಕಿಗೆ ಬರೆದುಕೊಂಡು, ಹಣೆಗೆ ಒತ್ತಿಕೊಂಡು ಹೊರಟರು.

ಭಾವ ಒಬ್ಬರೇ ಮೈಸೂರುಪಾಕು ಮುಟ್ಟಲಿಲ್ಲ.

"ಯಾಕೆ ಭಾವ?"

"ಇಷ್ಟು ನೆಟ್ಟಗೆ ಯಾವ ಗೆರೇನೂ ಹೋಗಲ್ಲ ಮಾರಾಯ್ತಿ. ಬಾಯ್ಲರಲ್ಲಿ ಹಾಗೆ ಹೋದ್ರೆ ಪೆನ್ನು ಕಚ್ಚಿಕೊಂಡಿದೆ ಅಂತ ಅರ್ಥ."

ಸೋಮವಾರ ಬೆಳಿಗ್ಗೆ ಕಾಫಿ ಕುಡಿಯುತ್ತಾ, ಕಂಪ್ಯೂಟರಿನಿಂದ ಪ್ರಿಂಟು ತೆಗೆಸಿದ್ದ ಸೂತ್ರವನ್ನು ಸಾಲು ಸಾಲಾಗಿ ಓದಿದರು. ಏಳನೆಯ ಸಾಲಿಗೆ ಬಂದಾಗ ಲೋಟ ಕೆಳಗಿಟ್ಟರು. ಆ ಭಾಷೆಯಲ್ಲಿ ಮೈನಸ್ ಒಂದು ಎಂದು ಬರೆದರೆ ನಿನ್ನೆಯ ಬೆಲೆ. ಮೈನಸ್ ಬಿಟ್ಟು ಬರೀ ಒಂದು ಎಂದರೆ ನಾಳೆಯ ಬೆಲೆ. ನಮ್ಮ ಏಳನೆಯ ಸಾಲಿನಲ್ಲಿ ಮೈನಸ್ ಇರಲಿಲ್ಲ. ಅಂದರೆ ನಮ್ಮ ಮಹಾಸೂತ್ರ ನಾಳೆ ಏನಾಗುತ್ತೆ ಅಂತ ಇಣುಕಿ ನೋಡಿ ಇವತ್ತು ಕೊಳ್ಳುತ್ತಿತ್ತು! ಹಳೆಯ ಬೆಲೆಗಳಲ್ಲಾದರೆ ನಾಳೆ ಕಂಪ್ಯೂಟರಿಗೆ ಗೊತ್ತಿರುತ್ತದೆ, ಗೆಲ್ಲುತ್ತದೆ. ನಿಜವಾದ ಪೇಟೆಯಲ್ಲಿ?

ಅಷ್ಟರಲ್ಲಿ ಫೋನ್ ಬಂತು. ಫಿಟ್ಟರ್ ಅವರ ಹೆಂಡತಿ. "ಸಾರ್, ನಿಮ್ಮ ಫಾರ್ಮುಲಾ ಅಂತೆ. ಮನೆ ಕಟ್ಟೋ ದುಡ್ಡೆಲ್ಲಾ ತಗೊಂಡು ಷೇರಾಫೀಸಿಗೆ ಹೋಗಿದಾರೆ. ಒಳ್ಳೇದು ತಾನೆ ಸಾರ್?"

ಭಾವನ ಮುಖ ಆವತ್ತು ನೋಡಬೇಕಿತ್ತು. ಭದ್ರಾವತಿಯ ಷೇರು ದಲ್ಲಾಳಿಯ ಆಫೀಸಿಗೆ ಫೋನ್ ಮಾಡಿದರೆ ಎಂಗೇಜು, ಮತ್ತೆ ಮಾಡಿದರೆ ಎಂಗೇಜು. "ಹತ್ತು" ಎಂದು ನನ್ನನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಹೊರಟೇಬಿಟ್ಟರು. ಹದಿನೆಂಟು ಕಿಲೋಮೀಟರ್! ಆ ಮೊಪೆಡ್ ತರಕಾರಿ ತರುವುದಕ್ಕೆ ಹುಟ್ಟಿದ್ದು. ಸೈಕಲ್ಲಿನವರು ನಮ್ಮನ್ನು ಹಿಂದೆ ಹಾಕಿ ತಿರುಗಿ ನೋಡಿ ನಗುತ್ತಿದ್ದರು. ಮಾಚೇನಹಳ್ಳಿಯ ಹತ್ತಿರ ಚೈನು ಕಿತ್ತು ಬಂತು. ಅದನ್ನು ಅಲ್ಲೇ ಒಂದು ವರ್ಕ್‌ಶಾಪಿನ ಬಾಗಿಲಿಗೆ ಒರಗಿಸಿ, ಕೈ ಅಡ್ಡ ಹಾಕಿ ಬಸ್ ನಿಲ್ಲಿಸಿ ಹತ್ತಿದೆವು. ನಿಂತುಕೊಂಡೇ ನಾನು ಭಾವನಿಗೆ ಬೈದೆ. "ಇಷ್ಟು ದೊಡ್ಡವರಾಗಿ ಒಂದು ಮೈನಸ್ ಬರೆಯೋಕೆ ಮರೀತೀರಲ್ಲ ಭಾವ! ಹಾಳೆ ಮೇಲೆ ಬರೆದ ಮೇಲೆ ಒಂದ್ಸಲ ನೋಡಬಾರದಾ?"

"ಹೂಂ, ನೋಡಬೇಕಿತ್ತು" ಎಂದರು. ಅಷ್ಟೇ.

ಆಫೀಸಿನಲ್ಲಿ ಇಪ್ಪತ್ತು ಮೂವತ್ತು ಜನ ಗೋಡೆಯ ಟಿವಿಯನ್ನು ದೇವರ ಹಾಗೆ ನೋಡುತ್ತಾ ನಿಂತಿದ್ದರು. ಫಿಟ್ಟರ್ ಕೌಂಟರಿನ ಸಾಲಿನಲ್ಲಿ, ಕೈಯಲ್ಲಿ ಚೆಕ್ಕು. ಮುಂದೆ ಇನ್ನಿಬ್ಬರೇ! ಭಾವ ಕುರ್ಚಿ ಹತ್ತಿ ನಿಂತು ಕೂಗಿದರು. "ಯಾರೂ ಆ ಸೂತ್ರ ನಂಬಬೇಡಿ! ಅದು ಸುಳ್ಳು! ಅದು ನಾಳೆಯ ಪೇಪರನ್ನ ಇವತ್ತೇ ಓದ್ತಾ ಇತ್ತು!"

ಟಿವಿ ನೋಡುತ್ತಿದ್ದವರೆಲ್ಲ ತಿರುಗಿ ಭಾವನನ್ನು ನೋಡಿದರು. ಆಮೇಲೆ ಹಿಂದಿನಿಂದ ಒಂದು ದನಿ ಬಹಳ ವಿನಯದಿಂದ ಕೇಳಿತು. "ಆ ಪೇಪರ್ ಎಲ್ಲಿ ಸಿಗುತ್ತೆ ಸಾರ್?"

ಆಫೀಸೆಲ್ಲ ಗೊಳ್ಳೆಂದು ನಕ್ಕಿತು. ಫಿಟ್ಟರ್ ಮಾತ್ರ ನಗಲಿಲ್ಲ. ಸಾಲಿನಿಂದ ಈಚೆ ಬಂದು ಚೆಕ್ಕನ್ನು ಜೇಬಿಗೆ ಹಾಕಿಕೊಂಡರು. "ತಪ್ಪು ಯಾರದ್ದು ಸಾರ್?" ಎಂದು ಯಾರೋ ಕೇಳಿದರು. "ನಂದೇ. ಬರೆಯುವಾಗ ಬಿಟ್ಟುಬಿಟ್ಟೆ" ಎಂದು ಭಾವ ಕುರ್ಚಿಯಿಂದ ಇಳಿದರು.

ಮೊಪೆಡ್ಡಿಗೆ ಚೈನು ಹಾಕಿಸಿಕೊಂಡು ವಾಪಸ್ ಬಂದರೆ, ಸುದ್ದಿ ನಮಗಿಂತ ಮೊದಲೇ ದುರ್ಗಿಗುಡಿ ತಲುಪಿತ್ತು. ಮೊಪೆಡ್ಡಿಗಿಂತ ಎಲ್ಲವೂ ವೇಗವಾಗಿಯೇ ಹೋಗುತ್ತವೆ ಬಿಡಿ! ಕಟಿಂಗ್ ಶಾಪಿನಲ್ಲಿ "ಮೈನಸ್ ಮೇಷ್ಟ್ರು" ಎಂಬ ಬಿರುದು ತಯಾರಾಯಿತು. ಕಾರಿನ ಬಣ್ಣ ಯೋಚಿಸಿದ್ದವರು ರಸ್ತೆಯ ಆಚೆ ಬದಿಗೆ ದಾಟಿ ಹೋಗತೊಡಗಿದರು. ಗುಮಾಸ್ತರೂ ಮುಂದಿನ ವಾರ ಬರುವುದಿಲ್ಲವೆಂದು ಹೇಳಿ ಕಳಿಸಿದರು, ಅದನ್ನೂ ಇಂಗ್ಲಿಷಿನಲ್ಲಿ!

ಶನಿವಾರ ಅಕ್ಕ ಬಟ್ಟೆ ಒಗೆಯಲು ತೆಗೆದವಳು, ಭಾವನ ಷರಟಿನ ಜೇಬಿನಿಂದ ನಾಲ್ಕು ಮಡಿಕೆಯ ಒಂದು ಹಾಳೆ ಎಳೆದು "ಇದು ಬೇಕಾ ನೋಡೇ" ಎಂದು ನನ್ನ ಕೈಗೆ ಕೊಟ್ಟಳು. ಬಿಡಿಸಿ ನೋಡಿದೆ. ಭಾನುವಾರ ಭಾವ ಬರೆದುಕೊಟ್ಟ ಹಾಳೆ. ಏಳನೆಯ ಸಾಲಿನಲ್ಲಿ ಮೈನಸ್ ಒಂದು, ಕಡ್ಡಿ ಇಟ್ಟ ಹಾಗೆ ಸ್ಪಷ್ಟವಾಗಿ ಇತ್ತು.

ಬಿಟ್ಟವಳು ನಾನು. ಕಣ್ಣು ಮುಚ್ಚಿ ಹೊಡೆದರೂ ಒಂದಕ್ಷರ ತಪ್ಪದ ನಾನು.

ಹಾಳೆ ಹಿಡಿದುಕೊಂಡು ಹಾಲ್‌ಗೆ ಹೋದೆ. ಭಾವ ಪೇಪರ್ ಓದುತ್ತಿದ್ದರು. ಹಾಳೆ ನೋಡಿ ಪೇಪರನ್ನು ಇನ್ನಷ್ಟು ಮೇಲಕ್ಕೆ ಎತ್ತಿಕೊಂಡರು.

"ಯಾಕೆ ಹೇಳಲಿಲ್ಲ ಭಾವ? ಬಸ್ಸಲ್ಲಿ ನಾನು ಅಷ್ಟು ಬೈದೆ."

"ಹೇಳಿದ್ರೆ ಏನಾಗ್ತಿತ್ತು?"

"ನಿಮ್ಮನ್ನ ಯಾರೂ ಆಡಿಕೊಳ್ತಿರಲಿಲ್ಲ."

"ನಿನ್ನ ಆಡಿಕೊಳ್ತಿದ್ರು. ಆಮೇಲೆ ನೀನು ಆ ಕೀಲಿಮಣೆ ಇನ್ನೊಂದು ಸಲ ಮುಟ್ತಿದ್ಯೇನೇ?" ಎಂದರು ಪೇಪರಿನ ಹಿಂದಿನಿಂದ. ಆಮೇಲೆ ಮೆಲ್ಲಗೆ, "ನಿಮ್ಮಕ್ಕಂಗೆ ಹೇಳಬೇಡ. ಅವಳು ತಡ್ಕಳಲ್ಲ, ಊರಿಗೆಲ್ಲ ಹೇಳಿಬಿಡ್ತಾಳೆ."

ಭಾನುವಾರ ಕೋಣೆಯ ಬೀಗ ತೆಗೆದೆವು. ಹದಿನಾಲ್ಕು ಕುರ್ಚಿ. ಹತ್ತು ಗಂಟೆಗೆ ಫಿಟ್ಟರ್ ಒಬ್ಬರೇ ಭದ್ರಾವತಿಯಿಂದ ಬಂದು ತಮ್ಮ ಜಾಗದಲ್ಲಿ ಕೂತು ನೋಟ್‌ಬುಕ್ ತೆರೆದರು. ಅವರ ಹೊಸ ಮನೆಯ ಗೋಡೆ ಕಿಟಕಿಮಟ್ಟಕ್ಕೆ ಬಂತಂತೆ. ಭಾವ ಸೀಮೆಸುಣ್ಣ ತೆಗೆದುಕೊಂಡು "ಇವತ್ತು ಮೊದಲಿಂದ ಶುರು ಮಾಡೋಣ" ಎಂದರು.

ನಾನು ಕಂಪ್ಯೂಟರಿನ ಮುಂದಿನಿಂದ ಎದ್ದು ನಿಂತೆ. ಫಿಟ್ಟರ್ ಕಡೆ ತಿರುಗಿದೆ. "ಅಣ್ಣಾ, ಆವತ್ತು ಮೈನಸ್ ಬಿಟ್ಟಿದ್ದು ಭಾವ ಅಲ್ಲ. ಅವರು ಸರಿಯಾಗೇ ಬರೆದಿದ್ರು. ಹೊಡೆಯುವಾಗ ಬಿಟ್ಟಿದ್ದು ನಾನು."

ಫಿಟ್ಟರ್ ಭಾವನ ಕಡೆ ನೋಡಿದರು, ನನ್ನ ಕಡೆ ನೋಡಿದರು. ಆಮೇಲೆ ಬರೆದುಕೊಳ್ಳಲು ಹೊಸ ಪುಟ ತಿರುವಿದರು.

"ಕೂತ್ಕೋ!" ಎಂದು ಭಾವ ಗದರಿದರು. ಅವರು ನನ್ನನ್ನು ಗದರಿದ್ದು ಅದೇ ಮೊದಲು. "ಪಾಠದ ಮಧ್ಯೆ ಎದ್ದು ಮಾತಾಡಬಾರದು ಅಂತ ಗೊತ್ತಾಗಲ್ವಾ?"

ನಾನು ಕೂತೆ. ಬೆರಳುಗಳನ್ನು ಕೀಲಿಮಣೆಯ ಮೇಲಿಟ್ಟು ಕಾದೆ. ಭಾವ ಬೋರ್ಡಿನ ಕಡೆ ತಿರುಗಿ ಸೀಮೆಸುಣ್ಣ ಎತ್ತಿದರು. ಎತ್ತಿದ ಕೈ ಹಾಗೇ ಇತ್ತು. ನಾವಿಬ್ಬರೂ ಆ ಬೆನ್ನನ್ನೇ ನೋಡುತ್ತಾ ಕೂತಿದ್ದೆವು. ಬಹಳ ಹೊತ್ತಿನವರೆಗೂ ಅವರು ಒಂದಕ್ಷರವನ್ನೂ ಬರೆಯಲಿಲ್ಲ, ನಮ್ಮ ಕಡೆ ತಿರುಗಲೂ ಇಲ್ಲ.