ಗ್ರೀಕ್ ದೇವತೆ ಮತ್ತು ನಮ್ಮ ಮನೆಯ ರೊಟ್ಟಿ

ಪಾಠ ಹೇಳುವವರಿಗೆಲ್ಲ ಒಂದು ದೌರ್ಬಲ್ಯವಿರುತ್ತದೆ. ಯಾರೋ ಒಬ್ಬರು ಕಿವಿಗೊಟ್ಟು ಕೇಳುತ್ತಿದ್ದಾರೆಂದು ಗೊತ್ತಾದರೆ ಸಾಕು, ಎಲ್ಲಿ ನಿಲ್ಲಿಸಬೇಕೆಂಬುದು ಮರೆತುಹೋಗುತ್ತದೆ. ನಾನು ಸಿಂಧನೂರಿನ ಒಂದು ಕಾಲೇಜಿನಲ್ಲಿ ಇತಿಹಾಸ ಹೇಳುತ್ತೇನೆ. ತರಗತಿಯಲ್ಲಿ ನನ್ನ ಈ ದೌರ್ಬಲ್ಯದಿಂದ ಯಾರಿಗೂ ಅಪಾಯವಿಲ್ಲ. ಹುಡುಗರು ಮೊಬೈಲನ್ನು ಡೆಸ್ಕಿನ ಕೆಳಗಿಟ್ಟುಕೊಂಡು, ಮುಖವನ್ನಷ್ಟೇ ನನಗೆ ಒಪ್ಪಿಸಿ ಕೂತಿರುತ್ತಾರೆ. ಅಪಾಯ ಬಂದದ್ದು ಮನೆಯಲ್ಲಿ. ಪ್ರಾಚೀನ ಗ್ರೀಸಿನ ಪಾಠ ಶುರುವಾದಾಗ, ಅಲ್ಲಿಯ ದೇವರು ವೀರರ ಹೆಸರುಗಳು ನಾಲಿಗೆಗೆ ಹೊಂದಿಕೊಳ್ಳಲಿ ಎಂದು ಸಂಜೆ ಪಡಸಾಲೆಯಲ್ಲಿ ಅಡ್ಡಾಡುತ್ತ ಗಟ್ಟಿಯಾಗಿ ಹೇಳಿಕೊಳ್ಳತೊಡಗಿದೆ. ಅಲ್ಲೇ ಸೊಪ್ಪು ಸೋಸುತ್ತಿದ್ದ ಅವ್ವನ ಕೈ ನಿಂತಿತು.

“ಜೂಸ್ ಅಂದ್ರ ಕುಡಿಯೋದಲ್ಲೇನೋ?”

“ಜೂಸ್ ಅಲ್ಲಬೇ, ಜ್ಯೂಸ್. ಅಲ್ಲಿ ದೇವರಿಗೆಲ್ಲಾ ದೊಡ್ಡಾಂವ. ಸಿಡಿಲು ಅವನ ಕೈಯಾಗ ಇರ್ತೈತಿ.”

“ಹೆಂಡ್ತಿ ಅದಾಳೇನು?”

“ಅದಾಳ. ಆದ್ರ ಇಂವ ಕಂಡಕಂಡವರ ಹಿಂದ ತಿರುಗತಾನ.”

“ಹಂಗಾರ ಸಿಡಿಲು ಆಕಿ ಕೈಯಾಗ ಕೊಡಬೇಕಾಗಿತ್ತು,” ಎಂದು ಅವ್ವ ತೀರ್ಪು ಕೊಟ್ಟು ಮತ್ತೆ ಸೊಪ್ಪಿಗೆ ಕೈ ಹಾಕಿದಳು.

ಇಂಥ ಕೇಳುಗರು ನನ್ನ ಜನ್ಮದಲ್ಲೇ ಸಿಕ್ಕಿರಲಿಲ್ಲ. ಮರುದಿನದಿಂದ ನಾನು ಪಾಠದ ನೆಪ ಬಿಟ್ಟು ನೇರವಾಗಿ ಕಥೆಗೇ ಕೂತೆ. ನನ್ನ ಹೆಂಡತಿ ಶಾರದಾ ಕೂಡ ಅಡುಗೆಮನೆಯ ಬಾಗಿಲಿಗೊರಗಿ ನಿಲ್ಲುತ್ತಿದ್ದಳು. ಅರಸನ ದೊಡ್ಡ ಕೊಟ್ಟಿಗೆಯನ್ನು ಒಬ್ಬ ವೀರ ನದಿಯನ್ನೇ ತಿರುಗಿಸಿ ತೊಳೆದ ಕಥೆ ಹೇಳಿದೆ. ನಮ್ಮ ಹಿತ್ತಲಿನ ಒಂದು ಎಮ್ಮೆಯ ಸಗಣಿ ಎತ್ತುವುದರಲ್ಲೇ ಸಾಕಾಗಿಹೋಗುವ ಅವ್ವ ಇದನ್ನು ಮೆಚ್ಚಿಯಾಳು ಎಂದುಕೊಂಡಿದ್ದೆ. ಅವಳು ಕೇಳಿದ್ದೇ ಬೇರೆ: “ನೀರು ತಿರುಗಿಸಿದ್ನಂತ, ಕೆಳಗಿನ ಹೊಲದವ್ರು ಸುಮ್ನ ಬಿಟ್ರೇನು? ನಮ್ಮ ಕಾಲುವ್ಯಾಗ ಒಂದು ತೂಬು ಎತ್ತಿದ್ರ ಬಡಿದಾಡ್ತಾರ.”

ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಾನು ಡಿಮೀಟರ್ ಎಂಬ ಬೆಳೆಯ ದೇವತೆಯ ಕಥೆಗೆ ಹೋದೆ. ಅವಳ ಒಬ್ಬಳೇ ಮಗಳನ್ನು ಪಾತಾಳದ ದೊರೆ ಹೇಡೀಸ್ ಹೊತ್ತುಕೊಂಡು ಹೋಗಿ ಮದುವೆಯಾಗುತ್ತಾನೆ. ತಾಯಿ ಸಿಟ್ಟಿನಿಂದ ಭೂಮಿಯ ಮೇಲೆ ಒಂದು ಕಾಳೂ ಬೆಳೆಯದಂತೆ ಮಾಡಿ ಕೂತುಬಿಡುತ್ತಾಳೆ. ಜನ ಉಪವಾಸ ಬೀಳುತ್ತಾರೆ, ದೇವರುಗಳಿಗೆ ನೈವೇದ್ಯ ತಪ್ಪುತ್ತದೆ. ಆಗ ಗಾಬರಿಯಾದ ಜ್ಯೂಸ್ ಮಗಳನ್ನು ಕಳಿಸುವಂತೆ ಪಾತಾಳಕ್ಕೆ ಹೇಳಿಕಳಿಸುತ್ತಾನೆ. ಆದರೆ ಮಗಳು ಅಲ್ಲಿ ದಾಳಿಂಬೆಯ ಕಾಳು ತಿಂದುಬಿಟ್ಟಿರುತ್ತಾಳೆ; ಅಲ್ಲಿಯ ಅನ್ನ ಮುಟ್ಟಿದವರು ಅಲ್ಲಿಯವರೇ. ಕೊನೆಗೆ ವರ್ಷದಲ್ಲಿ ಕೆಲವು ತಿಂಗಳು ಗಂಡನ ಮನೆ, ಉಳಿದದ್ದು ತಾಯಿಯ ಮನೆ ಎಂದು ಒಪ್ಪಂದವಾಗುತ್ತದೆ.

ಅವ್ವ ಸೊಪ್ಪಿನ ಮೊರ ಬದಿಗೆ ಸರಿಸಿದಳು. ಆಮೇಲೆ, “ಹೇಡಿ ಅನ್ನೋದು ಅವನ ಹೆಸರಿನ್ಯಾಗ ಐತಿ,” ಎಂದಳು. ಹಿಂದೆಯೇ, “ನಾಗೂ ಪಂಚಮಿಗೆ ಬಂದಾಕಿ ಎಷ್ಟೊತ್ತು ಇದ್ಲು ಹೇಳು?” ಎಂದು ಕೇಳಿದಳು.

ನಾಗರತ್ನ ನನ್ನ ತಂಗಿ. ಅವಳನ್ನು ಮಸ್ಕಿಗೆ ಕೊಟ್ಟಿದ್ದೇವೆ. ಗಂಡನಿಗೆ ಬೀಜ-ಗೊಬ್ಬರದ ಅಂಗಡಿಯಿದೆ, ಅತ್ತೆ ನೀಲಮ್ಮ ಮನೆಯ ಯಜಮಾನತಿ. ಹತ್ತಿರದ ಊರು ಎಂದು ಆಗ ಹಿಗ್ಗಿದ್ದೆವು. ಈಗ ಆ ಹತ್ತಿರವೇ ಮುಳುವಾಗಿತ್ತು. ದೂರದವರಾದರೆ ಬಂದು ನಾಲ್ಕು ದಿನ ಇರುತ್ತಾರೆ. ನಾಗರತ್ನ ಬೆಳಿಗ್ಗೆ ಬಂದು ಸಂಜೆ ಬಸ್ಸಿಗೆ ಹೋಗುತ್ತಿದ್ದಳು. ನಾಗರ ಪಂಚಮಿಗೂ ಹಾಗೆಯೇ, ಒಂದು ಕೈಯಲ್ಲಿ ಉಂಡಿಯ ಡಬ್ಬಿ ಹಿಡಿದು ಇನ್ನೊಂದು ಕೈಯಿಂದ ಕಣ್ಣೊರೆಸಿಕೊಳ್ಳುತ್ತ ಬಸ್ಸು ಹತ್ತಿದ್ದಳು.

ಮರುದಿನ ಅವ್ವ ಒಲೆಯ ಮುಂದೆ ಕೂರಲಿಲ್ಲ. ನಮ್ಮ ಮನೆಯಲ್ಲಿ ಜೋಳದ ರೊಟ್ಟಿ ಬಡಿಯುವುದು ಅವಳೊಬ್ಬಳದೇ ಹಕ್ಕು. ಎಮ್ಮೆ ಹಾಲು ಕೊಡುವುದೂ ಅವಳ ಕೈಗೇ. ಆ ಹಾಲನ್ನೆಲ್ಲ ಕರುವಿಗೆ ಬಿಟ್ಟಳು. “ನಾಗೂ ನಾಲ್ಕು ರಾತ್ರಿ ಇರಾಕ ಬರಲಿ, ಆಮ್ಯಾಲೆ ರೊಟ್ಟಿ,” ಎಂದು ಗೋಡೆಗೆ ಹೇಳಿದಂತೆ ಹೇಳಿದಳು.

ನಾನು ಶಾರದಾಳ ಮುಖ ನೋಡಿದೆ. “ಅತ್ತಿ ಬಿಟ್ಟ ಕೆಲಸ ನಾ ಹಿಡಿಯಂಗಿಲ್ರೀ,” ಎಂದು ಅವಳು ಅಕ್ಕಿ ತೊಳೆಯಲು ಹೋದಳು. ಅಂದಿನಿಂದ ಮೂರು ಹೊತ್ತೂ ಅನ್ನ, ನೀರಿನಂಥ ಸಾರು, ಕರಿ ಚಹಾ. ಇಡೀ ಮನೆಯಲ್ಲಿ ಮೈ ಬಂದದ್ದು ಕರುವಿಗೆ ಮಾತ್ರ. ರೊಟ್ಟಿಯಿಲ್ಲದೆ ನನಗೆ ಉಂಡಂತೆಯೇ ಆಗುವುದಿಲ್ಲ. ರವಿವಾರ ಬಂದದ್ದೇ ತಡ, ಮಸ್ಕಿಯ ಬಸ್ಸು ಹತ್ತಿದೆ.

ದಾರಿಯುದ್ದಕ್ಕೂ ಖಡಕ್ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಆದರೆ ನೀಲಮ್ಮನವರು ಒಂದು ತಟ್ಟೆ ಮಂಡಕ್ಕಿ ವಗ್ಗರಣೆ, ಮೇಲೆ ಎರಡು ಮಿರ್ಚಿ ಭಜಿ ಇಟ್ಟುಕೊಟ್ಟರು. ಬಾಯಿ ತುಂಬಿದ ಮನುಷ್ಯ ಖಡಕ್ಕಾಗಿ ಏನು ಮಾತಾಡಿಯಾನು?

“ನಿಮ್ಮವ್ವ ಹೆಂಗದಾಳ, ಮಾಸ್ತರ್ರ?”

“ರೊಟ್ಟಿ ಬಡಿಯೋದು ಬಿಟ್ಟಾಳ್ರೀ ಅತ್ತಿ.”

“ಯಾಕ? ಕೈ ನೋವೇನು?”

ಹೀಗಾಗಿ ಕಥೆ ಹೇಳಲೇಬೇಕಾಯಿತು. ನಾಗರತ್ನ ಒಳಬಾಗಿಲಲ್ಲಿ ಸೆರಗು ಕಚ್ಚಿಕೊಂಡು ನಿಂತಳು. ನೀಲಮ್ಮನವರು ಗಂಭೀರವಾಗಿ ಕೇಳಿ, “ದಾಳಿಂಬ್ರಿ ತಿನ್ನಾಕ ಕೊಟ್ಟಾನಂದ್ರ ಹುಡುಗಿನ್ನ ಉಪವಾಸ ಏನೂ ಕೆಡವಿಲ್ಲ,” ಎಂದು ಮೊದಲು ಪಾತಾಳದ ಪರವಾಗಿಯೇ ಮಾತಾಡಿದರು. ಆಮೇಲೆ, “ಆ ಮನ್ಯಾಗ ಅತ್ತಿ ಇದ್ದಿಲ್ಲೇನು?” ಎಂದರು.

“ಇದ್ದಿಲ್ರೀ.”

“ಅದಕ್ಕ ಇಷ್ಟು ರಾದ್ಧಾಂತ ಆಗೈತಿ. ಅತ್ತಿ ಅನ್ನಾಕಿ ಒಬ್ಬಾಕಿ ಇದ್ದಿದ್ರ ಉಡಿ ತುಂಬಿ ತಾನ ಕಳಿಸ್ತಿದ್ಲು.”

ಹೇಳಿದ್ದು ತಮ್ಮ ಕಿವಿಗೇ ಬಿದ್ದಿರಬೇಕು, ಅವರು ಸೆರಗು ಸರಿಮಾಡಿಕೊಂಡರು. ನಾನು ಮಿರ್ಚಿ ಕಚ್ಚುವುದನ್ನು ನಿಲ್ಲಿಸಿದೆ. ನೀಲಮ್ಮನವರು ಸೊಸೆಯ ಕಡೆ ನೋಡದೆ, ನೆಲ ನೋಡುತ್ತ ಹೇಳಿದರು: “ಕಳಿಸಬಾರದು ಅಂತಲ್ಲಪ್ಪಾ. ಮಗ ಅಂಗಡಿ ಹಿಡಿದಾನ, ಬರೋದು ಹೊತ್ತಾಗ್ತೈತಿ. ಸಂಜಿಮುಂದ ಈಕಿ ಇಲ್ಲಂದ್ರ ಮನಿ ಬಣಬಣ ಅಂತೈತಿ. ಒಬ್ಬಾಕಿಗೆ ದೀಪ ಹಚ್ಚಾಕೂ ಮನಸಾಗಂಗಿಲ್ಲ.”

ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ಈಗ ಉಪಯೋಗಕ್ಕೆ ಬರುವಂತಿರಲಿಲ್ಲ. ನಾಗರತ್ನಳೇ ಬಂದು ಅತ್ತೆಯ ಪಕ್ಕ ಕೂತಳು. “ನೀವೂ ಬರ್ರಿ ಅತ್ತಿ. ಅಲ್ಲಿ ಇಬ್ಬರೂ ಕೂಡಿ ದೀಪ ಹಚ್ಚೋಣ. ಇವರು ಅಂಗಡ್ಯಾಗ ಊಟ ತರಿಸಿಕೊಳ್ತಾರ,” ಎಂದಳು. ನೀಲಮ್ಮನವರು ಬೇಡ ಬೇಡವೆನ್ನುತ್ತಲೇ ಟ್ರಂಕು ತೆರೆದು ಒಳ್ಳೆಯ ಸೀರೆ ತೆಗೆದರು.

ಆ ಸಂಜೆ ನಮ್ಮ ಮನೆಯಲ್ಲಿ ಬಹಳ ದಿನಗಳ ಮೇಲೆ ರೊಟ್ಟಿಯ ಸಪ್ಪಳ ಕೇಳಿಸಿತು. ಅವ್ವ ಬಡಿಯುವುದು, ನೀಲಮ್ಮನವರು ಬೇಯಿಸುವುದು, ನಾಗರತ್ನ ಇಬ್ಬರ ನಡುವೆ ಕೂತು ಬಿಸಿಬಿಸಿಯಾಗಿ ಶೇಂಗಾ ಚಟ್ನಿ ಹಚ್ಚಿ ತಿನ್ನುವುದು. ನನ್ನ ಸರದಿ ಬರಲು ಬಹಳ ಹೊತ್ತು ಹಿಡಿಯಿತು. ಬೀಗಿತ್ತಿಯರಿಬ್ಬರೂ ಉಂಡ ಮೇಲೆ ಕಥೆ ಕೇಳಲು ಕೂತರು. ಗ್ರೀಸಿನ ಯಾವ ದೇವರೂ ಯಾವ ವೀರನೂ ಅವರ ಕೈಯಿಂದ ಪೂರಾ ಪಾಸಾಗಲಿಲ್ಲ. ಮೈಯೆಲ್ಲ ಗಟ್ಟಿಯಾಗಿದ್ದು ಹಿಮ್ಮಡಿಗೆ ಬಾಣ ತಾಗಿ ಸತ್ತ ವೀರನಿಗೆ ಮಾತ್ರ ನೀಲಮ್ಮನವರು ಲೊಚಗುಟ್ಟಿದರು. ಅವರದೂ ಹಿಮ್ಮಡಿ ನೋವಿತ್ತು.

ನನ್ನ ಕಥೆಯಿಂದ ಒಂದು ಮನೆ ಸರಿಹೋಯಿತಲ್ಲ ಎಂಬ ಹೆಮ್ಮೆಯಲ್ಲಿ ನಾನು ಮರುದಿನ ಬೆಳಿಗ್ಗೆ ಹಾಲಿನ ಚಹಾ ಕುಡಿಯುತ್ತಿದ್ದೆ. ಶಾರದಾ ಹೊಸ ಸೀರೆಯುಟ್ಟು, ಬ್ಯಾಗು ಹಿಡಿದು ಎದುರು ನಿಂತಳು.

“ಎಲ್ಲಿಗೆ?”

“ಲಿಂಗಸುಗೂರಿಗೆ. ಅವ್ವನ ಕಡೆ.”

“ಸಂಜಿಗೆ ಬರ್ತಿಯಲ್ಲಾ?”

ಅವಳು ಬಹಳ ಶಾಂತವಾಗಿ ನನ್ನನ್ನು ನೋಡಿದಳು. “ಎಲ್ಲಾರ ಕಥಿ ಹೇಳಿದ್ರಿ. ನಾ ತವರಿನ್ಯಾಗ ಒಂದು ರಾತ್ರಿ ಮಲಗಿದ್ದು ಯಾವಾಗಂತ ಹೇಳ್ರಿ ನೋಡೋಣ?”

ನನಗೆ ನೆನಪಾಗಲಿಲ್ಲ. ನೆನಪಾದದ್ದು ಇಷ್ಟು: ಪ್ರತಿ ಸಲ ನಾನೇ ಅವಳನ್ನು ಬೈಕಿನಲ್ಲಿ ಕರೆದುಕೊಂಡು ಹೋಗುತ್ತೇನೆ, ಊಟವಾಗಿ ಕೈ ಒಣಗುವುದರೊಳಗೆ ಅವರ ಅಂಗಳದಲ್ಲಿ ನಿಂತು ಬೈಕಿನ ಕೀಲಿಯನ್ನು ಬೆರಳಿಗೆ ಸುತ್ತಿಸುತ್ತ, “ನಡಿ, ಹೊತ್ತಾತು,” ಎನ್ನುತ್ತೇನೆ. ಸಹಾಯಕ್ಕಾಗಿ ಅವ್ವನ ಕಡೆ ನೋಡಿದೆ. ಅವ್ವ ಆಗಲೇ ಸೊಸೆಯ ಉಡಿಗೆ ಅಕ್ಕಿ ಹಾಕುತ್ತಿದ್ದಳು.

ಬಸ್ ಸ್ಟ್ಯಾಂಡಿನವರೆಗೆ ಹೋಗಿ, ಕಿಟಕಿಯ ಪಕ್ಕದ ಸೀಟು ಹಿಡಿದುಕೊಟ್ಟು ಬಂದೆ. ಬಸ್ಸು ಹೊರಟಾಗ ಅವಳು ನಕ್ಕಳು. ಅಷ್ಟು ಚೆಂದದ ನಗು ನಮ್ಮ ಮನೆಗೆ ಬರುವ ದಾರಿಯಲ್ಲಿ ನಾನೆಂದೂ ನೋಡಿರಲಿಲ್ಲ.

ಸಂಜೆ ಲಿಂಗಸುಗೂರಿನಿಂದ ಅವಳ ತಾಯಿಯೇ ಫೋನ್ ಮಾಡಿದರು. ದನಿಯಲ್ಲಿ ಸಂತೋಷ ತುಂಬಿ ತುಳುಕುತ್ತಿತ್ತು. “ಅಳಿಯಂದ್ರ, ನೀವು ಯಾವುದೋ ತಾಯಿ-ಮಗಳ ಕಥಿ ಹೇಳಾಕತ್ತೀರಂತಲ್ರೀ, ಶಾರದಾ ಅರ್ಧ ಹೇಳಿ ನಗಾಕತ್ಯಾಳ. ಪಾತಾಳದಾಗ ಇದ್ನಂತಲ್ಲ ಅಳಿಯ, ಆಂವ ಎಂಥಾಂವ್ರೀ?”

ಪಾಠ ಹೇಳುವ ನಾನು, ಕೇಳುವವರು ಸಿಕ್ಕರೆ ಎಂದೂ ಬಿಡದ ನಾನು, “ಹಲೋ, ಹಲೋ, ಇಲ್ಲಿ ಸಿಗ್ನಲ್ ಇಲ್ರೀ,” ಎಂದು ಫೋನ್ ಇಟ್ಟುಬಿಟ್ಟೆ.